ಮುಲಾಮಿಗೆ ಸಿಗದ ಕಪ್ಪು

ಆಧಾರ್ ಕಾರ್ಡಿನ ಫೋಟೊಗೂ ಎದುರಿಗೆ ನಿಂತ ಮುಖಕ್ಕೂ ಹೊಂದುವುದಿಲ್ಲ ಎಂಬ ಮಾತು ಡಯಾಲಿಸಿಸ್ ಘಟಕಗಳಲ್ಲಿ ಹೊಸದೇನಲ್ಲ. ಎರಡು-ಮೂರು ವರ್ಷ ಡಯಾಲಿಸಿಸ್ ಮಾಡಿಸಿಕೊಂಡ ಹಲವರ ಹಣೆ, ಕೆನ್ನೆ, ಕತ್ತು, ಮುಂಗೈಗಳ ಮೇಲೆ ಬೂದಿ ಬೆರೆತ ಕಪ್ಪು ಕೂತಿರುತ್ತದೆ. ಕೆಲವರಲ್ಲಿ ಅದರಡಿ ಒಂದು ಹಳದಿ ಛಾಯೆ. ಇನ್ನು ಕೆಲವರ ಬೆನ್ನು, ಕಾಲುಗಳ ತುಂಬ ಕೆರೆದು ಕೆರೆದು ಉಳಿದ ಕಲೆಗಳು. ‘ಮೊದ್ಲು ಹೇಗಿದ್ರು ಗೊತ್ತಾ ಸಾರ್, ಈಗ ನೋಡಿ, ಸುಟ್ಟ ಹಾಗಾಗಿಬಿಟ್ಟಿದಾರೆ’ ಎಂದು ಹೆಂಡತಿಯೋ ಮಗಳೋ ವೈದ್ಯರ ಮುಂದೆ ಹೇಳಿಕೊಳ್ಳುತ್ತಾರೆ. ಪೊಟ್ಯಾಸಿಯಂ ಎಷ್ಟಿದೆ, ಹಿಮೋಗ್ಲೋಬಿನ್ ಎಷ್ಟಿದೆ, ಮೈಯಲ್ಲಿ ಎಷ್ಟು ಕೆ.ಜಿ. ನೀರು ಏರಿದೆ ಎಂದು ನೋಡುತ್ತಿರುವ ವೈದ್ಯರಿಗೆ ಆ ಹೊತ್ತಿನಲ್ಲಿ ಬಣ್ಣ ದೊಡ್ಡ ವಿಷಯವಲ್ಲ. ‘ಕಿಡ್ನಿ ಕಾಯಿಲೆಯಲ್ಲಿ ಹೀಗಾಗುತ್ತೆ ಕಣಮ್ಮ’ ಎಂದು ಮುಂದಿನ ಹಾಸಿಗೆಗೆ ಹೋಗುತ್ತಾರೆ.

ಆ ಉತ್ತರ ಸುಳ್ಳಲ್ಲ, ಅರ್ಧ ಮಾತ್ರ. ಉಳಿದರ್ಧ ಹುಡುಕಿಕೊಂಡು ಮನೆಯವರು ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಟ್ಯೂಬಿನಲ್ಲಿರುತ್ತದೆ.

ಜನ ‘ಕಪ್ಪಾಗಿದ್ದಾರೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದರ ಒಳಗೆ ಐದಾರು ಬೇರೆ ಬೇರೆ ಸಂಗತಿಗಳಿವೆ. ಒಂದಕ್ಕೆ ಮದ್ದು ಮೂರೂವರೆ ದಶಕಗಳ ಹಿಂದೆಯೇ ಸಿಕ್ಕಿದೆ. ಇನ್ನೊಂದು ಇವತ್ತಿಗೂ ಪೂರ್ತಿ ಕೈಗೆ ಸಿಕ್ಕಿಲ್ಲ. ಮತ್ತೊಂದನ್ನು ಮನೆಯಲ್ಲೇ ತಡೆಯಬಹುದು. ಕೊನೆಯದೊಂದನ್ನು ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಯಾವುದು ಯಾವುದೆಂದು ತಿಳಿಯದೆ ಎಲ್ಲದಕ್ಕೂ ಒಂದೇ ಮುಲಾಮು ಹಚ್ಚುವುದರಿಂದಲೇ ತೊಂದರೆ ಶುರುವಾಗುವುದು.

ಗೆದ್ದ ಕಥೆಯನ್ನು ಮೊದಲು ಹೇಳಬಹುದು.

ನೆದರ್‌ಲೆಂಡ್ಸ್‌ನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ 1943ರಲ್ಲಿ ಕೃತಕ ಮೂತ್ರಪಿಂಡ ಕಟ್ಟಿದಾಗ ಅದು ಕೆಲವು ದಿನ ಜೀವ ಹಿಡಿದು ನಿಲ್ಲಿಸುವ ಯಂತ್ರವಷ್ಟೇ ಆಗಿತ್ತು. ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕಬಹುದು ಎಂದು ತೋರಿಸಿದ್ದು ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್. 1960ರಲ್ಲಿ ಅವರು ಕ್ಲೈಡ್ ಶೀಲ್ಡ್ಸ್ ಎಂಬವರ ತೋಳಿಗೆ ಟೆಫ್ಲಾನ್ ಕೊಳವೆ ಕೂರಿಸಿದರು. ಆತ ಹನ್ನೊಂದು ವರ್ಷ ಬದುಕಿದರು. ಆದರೆ ಹೀಗೆ ಬದುಕಿದವರ ಮೈಗೆ ಕೆಲ ವರ್ಷಗಳಲ್ಲಿ ಒಂದು ವಿಚಿತ್ರ ಬಣ್ಣ ಬರತೊಡಗಿತು. ಹಳೆಯ ಕಂಚಿನ ಪಾತ್ರೆಯ ಬೂದುಗಪ್ಪು.

ಕಾರಣ ರಕ್ತದ ಬಾಟಲಿಗಳಲ್ಲಿತ್ತು. ಮೂತ್ರಪಿಂಡದ ಕೆಲಸ ಕಸ ಸೋಸುವುದಷ್ಟೇ ಅಲ್ಲ. ಕೆಂಪು ರಕ್ತಕಣ ಹುಟ್ಟಿಸು ಎಂದು ಮೂಳೆಮಜ್ಜೆಗೆ ಆಜ್ಞೆ ಕಳಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ತಯಾರಿಸುವುದೂ ಅದೇ. ಕಿಡ್ನಿ ಸೋತಾಗ ಆಜ್ಞೆ ನಿಲ್ಲುತ್ತದೆ, ರಕ್ತ ಇಳಿಯುತ್ತದೆ. ಆ ಕಾಲದಲ್ಲಿ ಇದ್ದ ಮುಖ್ಯ ದಾರಿ: ಮತ್ತೆ ಮತ್ತೆ ರಕ್ತ ಏರಿಸುವುದು. ಒಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಮಿಕ್ಕಿದ್ದು ಯಕೃತ್ತು, ಹೃದಯ, ಚರ್ಮದಲ್ಲಿ ಕೂರುತ್ತದೆ. ಹೊರಗಿನ ಕಂಚುಬಣ್ಣ ಒಳಗಿನ ಅಂಗಗಳಲ್ಲಿ ಕಬ್ಬಿಣ ತುಂಬುತ್ತಿದೆ ಎಂಬುದರ ಗುರುತಾಗಿತ್ತು.

ಆ ಹಾರ್ಮೋನನ್ನು ಹಿಡಿದ ಕಥೆ ಸ್ವಾರಸ್ಯಕರ. ಷಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಗೋಲ್ಡ್‌ವಾಸರ್ ವರ್ಷಾನುಗಟ್ಟಲೆ ಅದನ್ನು ಶುದ್ಧವಾಗಿ ಬೇರ್ಪಡಿಸಲು ಹೆಣಗುತ್ತಿದ್ದರು. ಸಿಗುತ್ತಿದ್ದ ಪ್ರಮಾಣ ತೀರಾ ಕಡಿಮೆ. ಜಪಾನಿನ ಕುಮಾಮೊಟೊದ ತಕಾಜಿ ಮಿಯಾಕೆ ಅವರಿಗೆ ಒಂದು ಉಪಾಯ ಹೊಳೆಯಿತು. ಮೂಳೆಮಜ್ಜೆ ಸೋತು ರಕ್ತವೇ ಹುಟ್ಟದ ರೋಗಿಗಳಲ್ಲಿ, ಕಿಡ್ನಿ ಚೆನ್ನಾಗಿರುವುದರಿಂದ, ಈ ಹಾರ್ಮೋನ್ ಉಕ್ಕುತ್ತಿರುತ್ತದೆ; ಮೂತ್ರದಲ್ಲಿ ಹರಿದುಹೋಗುತ್ತಿರುತ್ತದೆ. ಅಂಥವರಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ಅವರು ಷಿಕಾಗೊಗೆ ಹೊತ್ತು ತಂದರು. ಅದರಿಂದ ಸಿಕ್ಕ ಶುದ್ಧ ಹಾರ್ಮೋನ್ ಕೆಲವೇ ಮಿಲಿಗ್ರಾಂ. ಅಷ್ಟು ಸಾಕಾಯಿತು. 1977ರಲ್ಲಿ ಫಲಿತಾಂಶ ಪ್ರಕಟವಾಯಿತು, ಮುಂದೆ ಆಮ್‌ಜೆನ್ ಕಂಪನಿಯಲ್ಲಿ ಫು-ಕುಯೆನ್ ಲಿನ್ ಅದರ ವಂಶವಾಹಿ ಪತ್ತೆಹಚ್ಚಿದರು. ಸಿಯಾಟಲ್‌ನ ಜೋಸೆಫ್ ಎಶ್‌ಬಾಕ್ ಮತ್ತು ಸಂಗಡಿಗರು 25 ಡಯಾಲಿಸಿಸ್ ರೋಗಿಗಳಿಗೆ ಅದನ್ನು ಚುಚ್ಚಿ, ರಕ್ತ ಏರಿಸುವ ಅಗತ್ಯವೇ ತಪ್ಪುತ್ತದೆ ಎಂದು 1987ರಲ್ಲಿ ವರದಿ ಮಾಡಿದರು. 1989ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಇವತ್ತು ನಮ್ಮ ಜಿಲ್ಲಾ ಆಸ್ಪತ್ರೆಗಳ ರೋಗಿಗಳೂ ‘ಎಪೊ ಇಂಜೆಕ್ಷನ್’ ಎಂದು ಸಲೀಸಾಗಿ ಹೇಳುವ ಮದ್ದು ಇದೇ. ಇದು ಬಂದ ಮೇಲೆ ಕಂಚುಬಣ್ಣದ ರೋಗಿಗಳು ಅಪರೂಪವಾದರು. ಬಣ್ಣಕ್ಕೆಂದು ಯಾರೂ ಕಂಡುಹಿಡಿದ ಮದ್ದಲ್ಲ, ಮೂಲವನ್ನು ಸರಿಪಡಿಸಿದಾಗ ಬಣ್ಣ ತಾನಾಗಿ ಸರಿಯಿತು. ಹಾಗೆಂದು ಕಬ್ಬಿಣದ ಪ್ರಶ್ನೆ ಮುಗಿದಿಲ್ಲ. ಎಪೊ ಕೆಲಸ ಮಾಡಲು ಕಬ್ಬಿಣ ಬೇಕು, ಅದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನು ಆಗಾಗ ಮಾಡಿಸುವುದು ಅದಕ್ಕೇ. ದುಡ್ಡಿನ ತೊಂದರೆಯಿಂದಲೋ ಮರೆತೋ ಎಪೊ ತಪ್ಪಿಸಿ, ರಕ್ತ ಇಳಿದಾಗ ‘ಎರಡು ಬಾಟಲಿ ಏರಿಸಿಬಿಡಿ’ ಎನ್ನುವವರು ಹಳೆಯ ದಾರಿಗೇ ವಾಪಸಾಗುತ್ತಿದ್ದಾರೆ. ಕಸಿಗೆ ಕಾಯುತ್ತಿರುವವರಿಗೆ ಅದರಿಂದ ಇನ್ನೊಂದು ನಷ್ಟವೂ ಉಂಟು: ಬೇರೆಯವರ ರಕ್ತ ಏರಿದಷ್ಟೂ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗುತ್ತದೆ.

ಹಾಗಾದರೆ ಈಗಲೂ ಮುಖ ಕಪ್ಪಾಗುವುದೇಕೆ? ಇಲ್ಲಿ ವೈದ್ಯವಿಜ್ಞಾನ ಅಷ್ಟು ಗಟ್ಟಿಯಾಗಿ ಗೆದ್ದಿಲ್ಲ. ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸುವ ಹಾರ್ಮೋನೊಂದಿದೆ, ಮೆಲನೋಸೈಟ್ ಉತ್ತೇಜಕ ಹಾರ್ಮೋನ್. ಆರೋಗ್ಯವಂತ ಕಿಡ್ನಿ ಅದನ್ನು ವಿಲೇವಾರಿ ಮಾಡುತ್ತದೆ. ಡಯಾಲಿಸಿಸ್ ಫಿಲ್ಟರಿನ ರಂಧ್ರಗಳಲ್ಲಿ ಯೂರಿಯಾದಂಥ ಸಣ್ಣ ಕಣಗಳು ಸುಲಭವಾಗಿ ದಾಟುತ್ತವೆ, ಇಂಥ ಮಧ್ಯಮ ಗಾತ್ರದವು ಹಿಂದೆ ಉಳಿಯುತ್ತವೆ. ಉಳಿದದ್ದು ಬಿಸಿಲು ಬೀಳುವ ಜಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅಂಗಿಯೊಳಗಿನ ಹೊಟ್ಟೆಗಿಂತ ಹಣೆ, ಮುಂಗೈ ಕಪ್ಪಾಗುವುದಕ್ಕೆ ಇದು ಕಾರಣ. ಹಳದಿ ಛಾಯೆಯದು ಬೇರೆ ಲೆಕ್ಕ. ಮೂತ್ರಕ್ಕೆ ಬಣ್ಣ ಕೊಡುವ ಯೂರೋಕ್ರೋಮ್ ಮತ್ತು ತರಕಾರಿಗಳ ಕ್ಯಾರೊಟಿನ್ ವರ್ಗದ ವಸ್ತುಗಳು ಹೊರಹೋಗಲಾರದೆ ಚರ್ಮದಡಿ ಸೇರುತ್ತವೆ. ಅದರ ಮೇಲೆ ರಕ್ತಹೀನತೆಯ ಬಿಳುಪು. ಮೂರೂ ಸೇರಿದಾಗ ಕಾಣುವುದೇ ಆ ಮಂಕು.

ಕಿಡ್ನಿಗೆ ವಾರದ 168 ಗಂಟೆಯೂ ಡ್ಯೂಟಿ. ಮಷಿನ್ನಿನದು ಸಾಮಾನ್ಯವಾಗಿ ಒಮ್ಮೆಗೆ ನಾಲ್ಕು ಗಂಟೆ. ವಾರಕ್ಕೆ ಮೂರು ಬಾರಿ ಎಂಬುದು ಜಗತ್ತಿನ ಬಹುತೇಕ ಕಡೆಯ ರೂಢಿ; ನಮ್ಮಲ್ಲಿ ದೂರ, ಖರ್ಚು, ಹಾಸಿಗೆಗಳ ಕೊರತೆಯಿಂದಾಗಿ ಎರಡೇ ಬಾರಿ ಮಾಡಿಸಿಕೊಳ್ಳುವವರು ಬಹಳ. 2016ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಸೌಲಭ್ಯ ಜಿಲ್ಲೆ, ತಾಲ್ಲೂಕುಗಳವರೆಗೂ ಬಂದಿದೆ. ಆದರೂ ಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಹಬ್ಬ, ಮದುವೆ, ಬಿತ್ತನೆ ಎಂದು ಒಂದೊಂದು ಸರದಿ ತಪ್ಪುತ್ತಲೇ ಇರುತ್ತದೆ. ನಾಲ್ಕು ಗಂಟೆ ಎಂದಿದ್ದರೂ ಮೂರೂವರೆಗೇ ‘ಸಾಕು ಬಿಚ್ಚಿ ಸಿಸ್ಟರ್’ ಎನ್ನುವವರಿದ್ದಾರೆ. ಮುಖದ ಬಣ್ಣದ ಬಗ್ಗೆ ನಿಜವಾಗಿ ಕಾಳಜಿ ಇರುವವರು ಮೊದಲು ಉಳಿಸಿಕೊಳ್ಳಬೇಕಾದದ್ದು ಈ ಅರ್ಧ ಗಂಟೆಯನ್ನು. ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯೇ ಎಂದು ಅಳೆಯಲು ‘ಕೆಟಿ ಬೈ ವಿ’ ಎಂಬ ಲೆಕ್ಕವಿದೆ; ವಾರಕ್ಕೆ ಮೂರು ಬಾರಿ ಮಾಡಿಸಿಕೊಳ್ಳುವವರಿಗೆ ಪ್ರತಿ ಬಾರಿಯೂ ಅದು ಕನಿಷ್ಠ 1.2 ಇರಬೇಕು. ನಮ್ಮದು ಎಷ್ಟಿದೆ ಎಂದು ಕೇಳುವ ಹಕ್ಕು ರೋಗಿಗಿದೆ. ಹೈ-ಫ್ಲಕ್ಸ್ ಫಿಲ್ಟರ್, ಹಿಮೊಡಯಾಫಿಲ್ಟ್ರೇಷನ್ ಮುಂತಾದ ವಿಧಾನಗಳು ಮಧ್ಯಮ ಕಣಗಳನ್ನು ಹೆಚ್ಚು ಎಳೆಯುತ್ತವೆ. ಬಣ್ಣವೂ ತಿಳಿಯಾಗಿಯೇ ತೀರುತ್ತದೆ ಎಂಬ ಖಾತರಿಯನ್ನು ಯಾರೂ ಕೊಡಲಾರರು.

ಇನ್ನು ಕೆರೆತ. ಇದನ್ನು ಅನುಭವಿಸಿದವರಿಗೇ ಗೊತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆನ್ನಿಗೆ ಬಾಚಣಿಗೆ, ಬೀಸಣಿಗೆ ಹಿಡಿ, ಕೊನೆಗೆ ಬಾಗಿಲ ಚೌಕಟ್ಟು. ಅನೇಕ ದೇಶಗಳ ಡಯಾಲಿಸಿಸ್ ಕೇಂದ್ರಗಳಲ್ಲಿ ನಡೆದ ‘ಡೋಪ್ಸ್’ ಎಂಬ ದೊಡ್ಡ ಅಧ್ಯಯನದಲ್ಲಿ ಶೇ 40ಕ್ಕೂ ಹೆಚ್ಚು ರೋಗಿಗಳು ತುರಿಕೆ ತಮ್ಮನ್ನು ಸಾಕಷ್ಟು ಕಾಡುತ್ತದೆ ಎಂದಿದ್ದರು. ಕೆರೆದ ಜಾಗದಲ್ಲಿ ಚರ್ಮ ಗಾಯಗೊಂಡು ಮಾಯುವಾಗ ಕಪ್ಪುಕಲೆ ಬಿಡುತ್ತದೆ, ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಇನ್ನೂ ಎದ್ದು ಕಾಣುತ್ತದೆ. ವರ್ಷಗಟ್ಟಲೆ ಕೆರೆದರೆ ಅಲ್ಲಲ್ಲಿ ಗಟ್ಟಿ ಗಂಟುಗಳೂ ಏಳುತ್ತವೆ. ಸಕ್ಕರೆ ಕಾಯಿಲೆಯೂ ಇರುವವರಲ್ಲಿ ನಡುವೆ ಬೆಣೆ ಬಡಿದಂಥ ಗುಳ್ಳೆಗಳು ಏಳುವುದುಂಟು. ಹೀಗಾಗಿ ಡಯಾಲಿಸಿಸ್ ರೋಗಿಯ ಕಲೆಗಳಲ್ಲಿ ದೊಡ್ಡ ಪಾಲು ತುರಿಕೆಯ ಸಾಲ. ತುರಿಕೆ ನಿಂತರೆ ಹೊಸ ಕಲೆ ನಿಲ್ಲುತ್ತದೆ.

ಅದಕ್ಕೆ ಮದ್ದಿದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಒಣಚರ್ಮ ಮೊದಲ ಶತ್ರು. ಸುಡುನೀರಿನ ಸ್ನಾನ, ಘಾಟಿನ ಸೋಪು ಬಿಟ್ಟು, ಉಗುರುಬೆಚ್ಚನೆ ನೀರಿನಲ್ಲಿ ಮಿಂದು, ಮೈ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವಾಸನೆಯಿಲ್ಲದ ಮಾಯಿಶ್ಚರೈಸರನ್ನೋ ಹಚ್ಚಿದರೆ ಅರ್ಧ ನೆಮ್ಮದಿ. ರಕ್ತದ ರಂಜಕ ಮಿತಿ ಮೀರದಂತೆ ನೋಡಿಕೊಳ್ಳಬೇಕು. ಅದಕ್ಕೆಂದು ಕೊಟ್ಟ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಾಲಿನ್ ಕೊಡುತ್ತಾರೆ. ಈ ಮಾತ್ರೆಗಳು ಮೂತ್ರದ ಮೂಲಕವೇ ಹೊರಹೋಗುವಂಥವು. ಹಾಗಾಗಿ ಗ್ಯಾಬಾಪೆಂಟಿನ್ ಆದರೆ ಡಯಾಲಿಸಿಸ್ ಆದ ಮೇಲೆ 100 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಿಂದ ಶುರು ಮಾಡುವುದು ರೂಢಿ. ನರದ ನೋವಿಗೆಂದು ಪಕ್ಕದ ಮನೆಯವರು ನುಂಗುವ ದೊಡ್ಡ ಡೋಸನ್ನೇ ಇವರೂ ನುಂಗಿದರೆ ಮಂಪರು ಬಂದು ಎದ್ದು ನಿಲ್ಲಲಾರದಂತಾಗುತ್ತದೆ. ಯುವಿ-ಬಿ ಕಿರಣಗಳ ಚಿಕಿತ್ಸೆ ಇನ್ನೊಂದು ದಾರಿ. ದೊಡ್ಡ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಲಭ್ಯ. ಡಯಾಲಿಸಿಸ್ ತುರಿಕೆಗೆಂದೇ ಜಪಾನ್ 2009ರಲ್ಲಿ ನಾಲ್ಫುರಾಫಿನ್‌ಗೆ, ಅಮೆರಿಕ 2021ರಲ್ಲಿ ಡೈಫೆಲಿಕೆಫಾಲಿನ್‌ಗೆ ಅನುಮತಿ ಕೊಟ್ಟಿವೆ.

ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ತೋಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಣಿಕಟ್ಟಿನಿಂದ ಮೊಣಕೈವರೆಗೆ ಹಗ್ಗದಂತೆ ಉಬ್ಬಿದ ರಕ್ತನಾಳ, ಮುಟ್ಟಿದರೆ ಗುಂಯ್‌ಗುಡುವ ಮಿಡಿತ, ಅದರ ಉದ್ದಕ್ಕೂ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳ ಸಾಲು. ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ ಎರಡು ಸೂಜಿ ಎಂದರೂ ವರ್ಷಕ್ಕೆ 208 ಚುಚ್ಚು. ಸುತ್ತ ಪ್ಲಾಸ್ಟರ್ ಅಂಟಿಸಿ ಕಿತ್ತ ಗುರುತು, ಅಯೋಡಿನ್ ದ್ರಾವಣದ ಕಂದು. ಪ್ಲಾಸ್ಟರಿನ ಆಕಾರದಲ್ಲೇ ಚರ್ಮ ಕೆಂಪಾಗಿ ಆಮೇಲೆ ಕಪ್ಪಾಗುತ್ತಿದ್ದರೆ ಅದು ಅಂಟಿನ ಅಲರ್ಜಿ ಇರಬಹುದು; ಬೇರೆ ಬಗೆಯ ಟೇಪು ಬಳಸಿ ಎಂದು ಟೆಕ್ನಿಷಿಯನ್‌ಗೆ ಹೇಳಿದರೆ ಮುಗಿಯಿತು. ಒಂದೇ ಜಾಗದಲ್ಲಿ ಚುಚ್ಚದೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಸರಿಯುತ್ತ ಹೋಗುವ ಪದ್ಧತಿಯಿದೆ. ನೋವು ಕಡಿಮೆ ಎಂದು ‘ಅಲ್ಲೇ ಚುಚ್ಚಿ’ ಎಂದು ಒತ್ತಾಯಿಸುವ ರೋಗಿಯ ತೋಳಿನಲ್ಲಿ ಕ್ರಮೇಣ ಚರ್ಮ ತೆಳುವಾಗಿ, ಹೊಳೆಯುತ್ತ, ಮೇಲೊಂದು ಹಕ್ಕಳೆ ಕೂರುತ್ತದೆ. ಅದು ಒಡೆದರೆ ರಕ್ತ ಚಿಮ್ಮುತ್ತದೆ.

ಇಲ್ಲಿಂದ ಮುಂದಿನದು ಸೌಂದರ್ಯದ ಮಾತಲ್ಲ. ಫಿಸ್ಟುಲಾ ಇರುವ ಕೈಯ ಬೆರಳುಗಳು ತಣ್ಣಗಾಗಿ, ಬಿಳಿಚಿಯೋ ನೀಲಿಗಟ್ಟಿಯೋ ನೋಯುತ್ತಿದ್ದರೆ ಬೆರಳಿಗೆ ಹೋಗಬೇಕಾದ ರಕ್ತ ಫಿಸ್ಟುಲಾದ ಕಡೆ ಹರಿದುಹೋಗುತ್ತಿದೆ ಎಂದರ್ಥ. ಇಡೀ ತೋಳು ಊದಿ ಬಣ್ಣ ಗಾಢವಾಗಿ, ಎದೆಯ ಮೇಲೆ ಹಸಿರು-ನೀಲಿ ನರಗಳು ಎದ್ದರೆ ಒಳಗಿನ ದೊಡ್ಡ ರಕ್ತನಾಳ ಕಿರಿದಾಗಿರಬಹುದು. ಈ ಮೊದಲು ಕುತ್ತಿಗೆಗೆ ಕ್ಯಾತಿಟರ್ ಹಾಕಿಸಿಕೊಂಡವರಲ್ಲಿ ಇದು ಕಾಣುತ್ತದೆ, ಬಲೂನಿನಿಂದ ಹಿಗ್ಗಿಸಿ ಸರಿಪಡಿಸಬಹುದು. ಎಲ್ಲಕ್ಕಿಂತ ಭಯಾನಕವಾದದ್ದು ಕ್ಯಾಲ್ಸಿಫೈಲ್ಯಾಕ್ಸಿಸ್. ತೊಡೆ, ಹೊಟ್ಟೆ, ಪೃಷ್ಠದ ಭಾಗದಲ್ಲಿ ಬಲೆಯಂಥ ನೇರಳೆ ಕಲೆ ಕಾಣಿಸಿಕೊಂಡು, ಬಟ್ಟೆ ತಾಗಿದರೂ ಚೀರುವಷ್ಟು ನೋವು ಬಂದು, ಆಮೇಲೆ ಕಪ್ಪು ಹಕ್ಕಳೆಯ ಹುಣ್ಣಾಗುತ್ತದೆ. ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಕೊಂಡು ಮಾಂಸ ಸಾಯುವ ಕಾಯಿಲೆಯಿದು. ಅಪರೂಪವೇ, ಆದರೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ವರ್ಷದೊಳಗೆ ತೀರಿಕೊಳ್ಳುತ್ತಾರೆ. ವಾರ್‌ಫರಿನ್ ಎಂಬ ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಅಪಾಯ ಹೆಚ್ಚು. ನೋವಿರುವ ನೇರಳೆ ಕಲೆ ಕಂಡರೆ ಮುಂದಿನ ಸರದಿವರೆಗೆ ಕಾಯಬಾರದು.

ಉಗುರಿನದೊಂದು ಕುತೂಹಲದ ಸಂಗತಿ. ಕೆಲವು ಕಿಡ್ನಿ ರೋಗಿಗಳ ಉಗುರು ಬುಡದ ಅರ್ಧ ಹಾಲಿನಂತೆ ಬಿಳಿ, ತುದಿಯ ಅರ್ಧ ಕಂದು. ನಡುವೆ ಗೆರೆ ಎಳೆದಷ್ಟು ಸ್ಪಷ್ಟ. 1967ರಲ್ಲಿ ಇದನ್ನು ವಿವರಿಸಿದ ವೈದ್ಯರ ನೆನಪಿಗೆ ಲಿಂಡ್ಸೆ ಉಗುರು ಎನ್ನುತ್ತಾರೆ. ಡಯಾಲಿಸಿಸ್‌ಗೆ ಇದು ಜಗ್ಗುವುದಿಲ್ಲ, ಕಸಿಯಾದ ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ಮುಖದ ಮಂಕೂ ಅಷ್ಟೆ. ಕಸಿಯಾದವರಲ್ಲಿ ಬಹಳ ಮಂದಿಯ ಬಣ್ಣ ತಿಳಿಯಾಗುತ್ತದೆ. ಆದರೆ ಕಸಿಗೆ ಬೇಕಾದ ಕಿಡ್ನಿ ಸಿಗುವುದು ಎಷ್ಟು ಕಷ್ಟ ಎಂಬುದು ರಾಜ್ಯದ ಅಂಗಾಂಗ ದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಗೊತ್ತು.

ಈಗ ಆ ಟ್ಯೂಬಿನ ಮಾತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರಿಂದ 2023ರ ನಡುವೆ ಒಂದು ವಿಚಿತ್ರ ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ಮೆಂಬ್ರೇನಸ್ ನೆಫ್ರೋಪಥಿಯ 22 ಪ್ರಕರಣಗಳ ಪೈಕಿ 15ರಲ್ಲಿ ನೆಲ್-1 ಎಂಬ ವಿರಳ ಬಗೆ ಕಂಡಿತು. ಆ 15 ಜನರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ತಜ್ಞರು ಬೊಟ್ಟು ಮಾಡಿದ್ದು ಕ್ರೀಮಿನಲ್ಲಿನ ಪಾದರಸದ ಕಡೆಗೆ. ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಪಾದರಸ ಚರ್ಮದಲ್ಲಿ ಮೆಲನಿನ್ ಹುಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಮುಖ ಬೆಳ್ಳಗಾಗುವುದು ನಿಜ. ಅದು ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗುವುದೂ ಅಷ್ಟೇ ನಿಜ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಇಂಥ ಕ್ರೀಮುಗಳಲ್ಲಿ ಪಾದರಸ ಬಳಸುವುದನ್ನು ನಿಷೇಧಿಸಿವೆ. ಆದರೂ ಎಲ್ಲಿ ತಯಾರಾಯಿತು, ಏನು ಬೆರೆಸಿದ್ದಾರೆ ಎಂಬ ವಿವರವಿಲ್ಲದ ಡಬ್ಬಿಗಳು ಮಾರಾಟವಾಗುತ್ತಲೇ ಇವೆ.

‘ಹೇಗೂ ಕಿಡ್ನಿ ಹೋಗಿದೆಯಲ್ಲ, ಇನ್ನೇನು ಹಾಳಾಗುವುದಿದೆ’ ಎನ್ನುವ ಹಾಗಿಲ್ಲ. ಡಯಾಲಿಸಿಸ್ ಆರಂಭಿಸಿದ ಹಲವರಿಗೆ ಇನ್ನೂ ಸ್ವಲ್ಪ ಮೂತ್ರ ಬರುತ್ತಿರುತ್ತದೆ. ಆ ಅಷ್ಟಿಷ್ಟು ಕೆಲಸವೇ ಅವರ ಆಯುಷ್ಯಕ್ಕೂ ನೆಮ್ಮದಿಗೂ ಆಧಾರ. ಮೂತ್ರ ಪೂರ್ತಿ ನಿಂತವರಲ್ಲಿ ವಿಷ ಹೊರಹೋಗುವ ಮುಖ್ಯ ದಾರಿಯೇ ಮುಚ್ಚಿದೆ. ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳು ಇನ್ನೊಂದು ಪಿಡುಗು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಬಾರದೆಂದು 2018ರಲ್ಲೇ ಸರ್ಕಾರ ಬಿಗಿ ಮಾಡಿದೆ. ಹಚ್ಚಿದ ವಾರದಲ್ಲಿ ಮುಖ ಮಿನುಗುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ ಕೆಂಪು ನರಗಳು ಏಳುತ್ತವೆ. ಕಲೆ ತಿಳಿಯಾಗಿಸಲು ಬಳಸುವ ಹೈಡ್ರೋಕ್ವಿನೋನ್ ಅನ್ನು ದೀರ್ಘಕಾಲ ಹಚ್ಚಿದರೆ ನೀಲಿಗಪ್ಪು ಕಲೆಯೇ ಕೂರಬಹುದು.

ಮನೆಮದ್ದಿನಲ್ಲೂ ಹುಷಾರು ಬೇಕು. ಮುಖದ ಕಾಂತಿಗೆ ಒಳ್ಳೆಯದೆಂದು ದಿನಾ ಕ್ಯಾರೆಟ್ ಜ್ಯೂಸ್ ಕುಡಿಸುವವರು, ಹೊರಹೋಗಲಾರದ ಕ್ಯಾರೊಟಿನ್ನಿಗೆ ಇನ್ನಷ್ಟು ಸೇರಿಸುತ್ತಿದ್ದಾರೆ, ಮೇಲೆ ಪೊಟ್ಯಾಸಿಯಂ. ಎಳನೀರಿಗೂ ಇದೇ ಮಾತು. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಕರಾವಳಿ, ಮಲೆನಾಡಿನ ಹಿತ್ತಲಲ್ಲಿ ಬಿಡುವ ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಡಯಾಲಿಸಿಸ್ ರೋಗಿಗಳು ಬಾಯಿಗೇ ಹಾಕಬಾರದು. ಅದರಲ್ಲಿರುವ ವಿಷ ಕಿಡ್ನಿಯಿಲ್ಲದೆ ಹೊರಹೋಗದೆ ಮಿದುಳಿಗೆ ಏರುತ್ತದೆ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ. ವಿಟಮಿನ್ ಎ ಮಾತ್ರೆಗಳೂ ಬೇಡ, ಇವರ ರಕ್ತದಲ್ಲಿ ಅದು ಮೊದಲೇ ಹೆಚ್ಚಿರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ಏಳುತ್ತದೆ.

ಬಿಸಿಲನ್ನು ತಪ್ಪಿಸುವುದೇ ಎಲ್ಲಕ್ಕಿಂತ ಅಗ್ಗದ ಮದ್ದು. ಕೊಡೆ, ತುಂಬುತೋಳಿನ ಅಂಗಿ, ಹೊಲಕ್ಕೆ ಹೋಗುವವರಿಗೆ ಅಗಲ ಅಂಚಿನ ಟೊಪ್ಪಿ. ಸನ್‌ಸ್ಕ್ರೀನ್ ಕೊಳ್ಳುವುದಾದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಜಿಂಕ್ ಆಕ್ಸೈಡ್ ಇರುವಂಥದ್ದು. ತುಸು ಮಣ್ಣಿನ ಬಣ್ಣ ಬೆರೆಸಿದ, ಅಂದರೆ ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕಂದುಚರ್ಮಕ್ಕೆ ಇನ್ನೂ ಒಳ್ಳೆಯದು; ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪಾಗಿಸುತ್ತದೆ, ಅದನ್ನೂ ಇದು ತಡೆಯುತ್ತದೆ. ಬಿಸಿಲಿಗೆ ಕೈಬೆನ್ನಿನ ಮೇಲೆ ನೀರುಗುಳ್ಳೆ ಏಳುವುದಿದ್ದರೆ ಅದು ಬೇರೆಯದೇ ತೊಂದರೆ, ಚರ್ಮವೈದ್ಯರು ನೋಡಲೇಬೇಕು.

ಕೊನೆಯದಾಗಿ, ಬಣ್ಣ ಕಾಯಿಲೆಯ ಅಳತೆಗೋಲಲ್ಲ. ‘ಇಷ್ಟು ಕಪ್ಪಾಗಿದ್ದಾರೆ, ಇನ್ನೆಷ್ಟು ದಿನವೋ’ ಎಂದು ನೋಡಲು ಬಂದ ನೆಂಟರು ಮೆಲ್ಲಗೆ ಆಡುವ ಮಾತಿಗೆ ಆಧಾರವಿಲ್ಲ. ಮುಖ ಕಪ್ಪಾಗಿದ್ದೂ ವರ್ಷಗಟ್ಟಲೆ ಕೆಲಸಕ್ಕೆ ಹೋಗುತ್ತಿರುವವರು ಪ್ರತಿ ಘಟಕದಲ್ಲೂ ಸಿಗುತ್ತಾರೆ. ಮುಂದಿನ ಸರದಿಗೆ ಹೊರಡುವಾಗ ಮನೆಯಲ್ಲಿರುವ ಕ್ರೀಮು, ಎಣ್ಣೆ, ಲೇಹ್ಯ, ಪುಡಿ ಏನಿದ್ದರೂ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ತುರಿಕೆ ಇದ್ದರೆ ಅವರು ಕೇಳುವ ಮೊದಲೇ ಹೇಳಿ.